ರಸಮಟ್ಟದ ಜೋಲಿ

"ಇಪ್ಪತ್ತಾರು ವರ್ಷದಿಂದ ಈ ಕೈ ನೆಲ ಮಟ್ಟ ಮಾಡ್ತಾ ಬಂದಿದೆ ಕಣೇ! ಈ ಕೈ ಕಟ್ಟಿದ ಜೋಲಿ ಕೂದಲೆಳೆಯಷ್ಟು ಸೊಟ್ಟ ಬಂದ್ರೆ, ಇವತ್ತಿನಿಂದ ನಾನು ಕರಣೆ ಮುಟ್ಟಲ್ಲ!"

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಬಲಗೈ ಮೇಲೆತ್ತಿ, ಮೇಸ್ತ್ರಿ ಈ ಘೋರ ಪ್ರತಿಜ್ಞೆ ಮಾಡಿದ. ಹೆಂಡತಿ ಬಟ್ಟೆಯ ಬುಟ್ಟಿಯಿಂದ ತಲೆ ಎತ್ತಲಿಲ್ಲ.

"ಕರಣೆ ಮುಟ್ಟದೆ ಇನ್ನೇನು ಮುಟ್ತೀರಿ? ಪಾತ್ರೆ ತೊಳೆಯೋ ಬ್ರಷ್ಷಾ?" ಎಂದಳು.

ಮೇಸ್ತ್ರಿ ಟೈಲ್ಸ್ ಹಾಕುವವನು. ಅವನು ಹಾಕಿದ ನೆಲದ ಮೇಲೆ ಗೋಲಿ ಬಿಟ್ಟರೆ ಅದು ಎತ್ತ ಹೋಗಬೇಕೆಂದು ತಿಳಿಯದೆ ಬಿಟ್ಟಲ್ಲೇ ನಿಲ್ಲುತ್ತಿತ್ತು. ಗಾಜಿನ ನಳಿಗೆಯೊಳಗೆ ಗುಳ್ಳೆ ಓಡಾಡುವ ಮಟ್ಟದ ಪಟ್ಟಿ ಇರುತ್ತದಲ್ಲ, ರಸಮಟ್ಟ, ಅದು ಸದಾ ಅವನ ಹಿಂಜೇಬಿನಲ್ಲಿ. ಜೊತೆಗಾರರು ಅವನಿಗಿಟ್ಟ ಅಡ್ಡಹೆಸರೂ ಅದೇ. ಹೋಟೆಲಿಗೆ ಹೋದರೆ ಮೊದಲು ಮೇಜು ಅಲ್ಲಾಡಿಸಿ ನೋಡಿ, ಆಮೇಲೆ ತಿಂಡಿ ಹೇಳುವವನು. ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಹೋಗಿ, ಅವರ ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ, ಬಂದ ಕೆಲಸ ಮರೆತು ಮನೆಗೆ ವಾಪಸಾದವನು.

ಇಂಥ ಮಹಾಪುರುಷನಿಗೆ ಇದ್ದದ್ದು ಒಂದೇ ಒಂದು ಕೊರತೆ. ಹೆದರಿಕೆ! ಹಲ್ಲಿಗೆ ಹೆದರುತ್ತಿದ್ದ. ಲಿಫ್ಟಿಗೆ ಹೆದರುತ್ತಿದ್ದ. ಕುಕ್ಕರು ಮೂರನೆಯ ಸೀಟಿ ಹೊಡೆಯುವ ಹೊತ್ತಿಗೆ ಏನಾದರೊಂದು ನೆಪ ಹೇಳಿ ವರಾಂಡಕ್ಕೆ ಬರುತ್ತಿದ್ದ. ಇನ್ನು ಕತ್ತಲಾದ ಮೇಲೆ ಮನೆಯಲ್ಲಿ ಒಬ್ಬನೇ ಇರುವುದೆಂದರೆ! ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅಂಥ ಪ್ರಸಂಗ ಒಮ್ಮೆಯೂ ಬರದ ಹಾಗೆ ಅವನು ಬಹಳ ಜಾಣತನದಿಂದ ನೋಡಿಕೊಂಡಿದ್ದ.

ಈಗ ಬಂದು ಬಾಗಿಲು ತಟ್ಟಿತ್ತು. ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಚುಚ್ಚುವವಳು. ಆ ಲ್ಯಾಬಿನ ಹನ್ನೆರಡು ಹೆಂಗಸರು ಸೇರಿ, ಬರುವ ಶುಕ್ರವಾರದಿಂದ ಮೂರು ರಾತ್ರಿ ಕಾಡಿನಲ್ಲಿ ಕ್ಯಾಂಪು ಹೋಗುವುದೆಂದು ತೀರ್ಮಾನಿಸಿದ್ದರು. ಗಂಡಸರಿಗೆ ಪ್ರವೇಶವಿಲ್ಲ. ಮಲಗುವುದು ಮರದಿಂದ ಮರಕ್ಕೆ ಕಟ್ಟಿದ ಜೋಲಿಯಲ್ಲಿ! ಒಬ್ಬೊಬ್ಬರಿಗೆ ಒಂದೊಂದು ಜೋಲಿ ಹಂಚಿಯೂ ಆಗಿತ್ತು. ಹೂಕೋಸಿನ ಗಾತ್ರದ ಚೀಲ; ಒಳಗೆ ಮಳೆಗೂ ಜಗ್ಗದ ತೆಳ್ಳನೆಯ ಬಟ್ಟೆ, ಎರಡು ಉದ್ದನೆಯ ಪಟ್ಟಿ, ಎರಡು ಕೊಕ್ಕೆ. ಅದನ್ನು ನೋಡಿದ ದಿನವೇ ಮೇಸ್ತ್ರಿಗೆ ಊಟ ಸೇರಲಿಲ್ಲ.

'ಹೋಗಬೇಡ, ನನಗೆ ಹೆದರಿಕೆಯಾಗುತ್ತದೆ' ಎನ್ನಲು ಬಾಯಿ ಬರಬೇಕಲ್ಲ? ಮೂರು ದಿನ ತಲೆ ಕೆರೆದುಕೊಂಡು ಒಂದು ಉಪಾಯ ಹುಡುಕಿದ.

"ನಿನ್ನ ಜೀವದ ಪ್ರಶ್ನೆ ಇದು. ಮೊದಲು ನಾನು ಅದರಲ್ಲಿ ಒಂದು ಗಂಟೆ ಮಲಗಿ ನೋಡ್ತೀನಿ. ಜೋಲಿ ತಡೆದ್ರೆ ಧಾರಾಳವಾಗಿ ಹೋಗು. ಹರಿದ್ರೆ, ಜಾರಿದ್ರೆ, ನಾನು ಬಿದ್ರೆ, ಟ್ರಿಪ್ ಬಂದ್!"

"ಆಯ್ತು," ಎಂದಳು ಅವಳು, ಅಷ್ಟು ಬೇಗ ಒಪ್ಪಿದ್ದೇ ಅವನಿಗೆ ಅನುಮಾನವಾಗುವ ಹಾಗೆ.

ಈಗ ನೋಡಿ ಇಕ್ಕಟ್ಟು! ಜೋಲಿ ಚೆನ್ನಾಗಿ ಕಟ್ಟಿದರೆ ಹೆಂಡತಿ ಹೋಗುತ್ತಾಳೆ. ಕೆಟ್ಟದಾಗಿ ಕಟ್ಟಿದರೆ ಮಾನ ಹೋಗುತ್ತದೆ. ಬೇಕೆಂದೇ ಸಡಿಲ ಕಟ್ಟಿ ಮೆತ್ತಗೆ ಬಿದ್ದುಬಿಡೋಣ ಎಂದು ಮೆಟ್ಟಿಲು ಹತ್ತುವವರೆಗೂ ಅವನ ಮನಸ್ಸಿನಲ್ಲಿತ್ತು. ಆದರೆ ತಾರಸಿಯ ಮೇಲೆ ಪಟ್ಟಿ ಕೈಗೆ ಬಂದದ್ದೇ ತಡ, ಒಳಗಿನ ರಸಮಟ್ಟ ಎದ್ದು ಕುಳಿತಿತು. ಸೊಟ್ಟ ಕೆಲಸ ಅವನ ಕೈಗೆ ಬರಬೇಕಲ್ಲ!

ತಾರಸಿಯ ಒಂದು ಕಡೆ, ಮೇಲೆ ಇನ್ನೊಂದು ಮಹಡಿ ಕಟ್ಟುವ ಆಸೆಯಲ್ಲಿ ಬಿಟ್ಟಿದ್ದ ಎರಡು ಸಿಮೆಂಟಿನ ಕಂಬ. ಒಂದು ಕಂಬದ ಎದುರಿಗೆ ಎದೆಯೆತ್ತರದ ಕಬ್ಬಿಣದ ಸ್ಟ್ಯಾಂಡು, ನಾಲ್ಕು ಕಾಲಿನದು. ಅದರ ಮೇಲೆ ಸಾವಿರ ಲೀಟರಿನ ನೀರಿನ ಟ್ಯಾಂಕು. ಜೋಲಿಯ ಒಂದು ತುದಿಯನ್ನು ಆ ಕಂಬಕ್ಕೆ, ಇನ್ನೊಂದನ್ನು ಸ್ಟ್ಯಾಂಡಿನ ಮುಂದಿನ ಅಡ್ಡಪಟ್ಟಿಗೆ ಕಟ್ಟಿದ. ಬಟ್ಟೆ ನಡುವೆ ಹೊಟ್ಟೆ ಬಿಟ್ಟುಕೊಂಡು ಜೋತುಬಿತ್ತು. ಅದನ್ನು ಕಂಡು ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಕೈಯಿಂದ ಎಳೆದ. ಕಾಲು ಕೊಟ್ಟು ಎಳೆದ. ಸಾಲದಾಯಿತು. ಮೆಟ್ಟಿಲ ಕೆಳಗಿನ ಗೂಡಿನಿಂದ ಹಳೆಯ ಎಳೆರಾಟೆ ತಂದ. ಹಿಡಿ ಆಡಿಸಿದರೆ ಹಲ್ಲಿನ ಚಕ್ರ ಕಟಕ್ ಕಟಕ್ ಎಂದು ಒಂದೊಂದೇ ಹಲ್ಲು ಬಿಗಿಯುವಂಥದ್ದು. ಅದನ್ನು ಕಂಬದ ಕಡೆ ಸಿಕ್ಕಿಸಿ, ಹೊಟ್ಟೆ ಹೋಗುವವರೆಗೂ ಬಿಗಿದ. ಕೊನೆಗೆ ರಸಮಟ್ಟ ತೆಗೆದು ಬಟ್ಟೆಯ ನಟ್ಟನಡುವೆ ಇಟ್ಟ. ಗುಳ್ಳೆ ನೇರ ಮಧ್ಯಕ್ಕೆ ಬಂದು ನಿಂತಿತು! ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು.

"ಅಳಿಯಂದ್ರೇ, ಅದೇನು ಇಸ್ತ್ರಿ ಮಾಡೋ ಮೇಜಾ?"

ಹಿಂದಿನಿಂದ ದನಿ ಬಂತು. ಹೆಂಡತಿಯ ಅಪ್ಪ. ಎರಡು ಬೀದಿಯಾಚೆ ಒಬ್ಬರೇ ಇರುವ ಮಾವನವರು, ಅಂದು ಅವರ ಕಡೆ ನಲ್ಲಿಯಲ್ಲಿ ನೀರು ಬಾರದೆ, ಟವೆಲು ಸೋಪು ಹಿಡಿದು ಸ್ನಾನಕ್ಕೆ ಬಂದಿದ್ದರು. ಮೂವತ್ತೈದು ವರ್ಷ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿ ಕಂಬ ಹತ್ತಿಳಿದವರು. ಎಳೆರಾಟೆಯೂ ಅವರದ್ದೇ.

"ಜೋಲಿ ಮಾವ. ನೋಡಿ, ಗುಳ್ಳೆ ಎಲ್ಲಿದೆ ಅಂತ!"

"ಗುಳ್ಳೆ ಇರ್ಲಿ, ಜೋಲು ಎಲ್ಲಿ? ಕಂಬದಿಂದ ಕಂಬಕ್ಕೆ ತಂತಿ ಎಳೆಯುವಾಗ ನಾವು ಜೋಲು ಬಿಟ್ಟೇ ಕಟ್ಟೋದು. ಬಿಗಿದು ಕಟ್ಟಿದ್ರೆ ಒಂದು ಕಾಗೆ ಕೂತ್ರೂ ಕಂಬಕ್ಕೆ ತಡೆಯಲ್ಲ. ಇಳಿಜಾರು ಬೇಕು ಅಳಿಯಂದ್ರೇ, ಇಳಿಜಾರು!"

ಇಳಿಜಾರು! ಮೇಸ್ತ್ರಿಯ ಎದುರಿಗೆ ಆ ಮಾತೇ? ಬಚ್ಚಲುಮನೆ ಬಿಟ್ಟು ಬೇರೆಲ್ಲೂ ಇಳಿಜಾರನ್ನು ಒಪ್ಪದ ಮನುಷ್ಯ ಅವನು.

"ನೀವು ಗಾಳಿಯಲ್ಲಿ ಕೆಲಸ ಮಾಡಿದೋರು ಮಾವ, ನಾನು ನೆಲದ ಮೇಲೆ. ನಿಮ್ಮ ಲೆಕ್ಕ ನಿಮಗೆ, ನಮ್ಮ ಲೆಕ್ಕ ನಮಗೆ," ಎಂದ.

"ನಿಮ್ಮಿಷ್ಟ," ಎಂದು ಮಾವನವರು ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಇಳಿದುಹೋದರು. ಅಷ್ಟರಲ್ಲಿ ಹೆಂಡತಿ, "ಒಂದು ಗಂಟೆ ಅಂದ್ರೆ ಒಂದು ಗಂಟೆ! ನಾನು ವಾರದ ಬಟ್ಟೆ ಒಗೆದು ಮುಗಿಸ್ತೀನಿ" ಎಂದು ಕೆಳಗಿನಿಂದ ಕೂಗಿದಳು.

ಮೇಸ್ತ್ರಿ ಸ್ಟೂಲು ಹತ್ತಿದ. ಜೋಲಿ ಸೊಂಟದೆತ್ತರದಲ್ಲಿತ್ತು. ಮೊದಲು ಒಂದು ಕಾಲು, ಆಮೇಲೆ ಸೊಂಟ, ಆಮೇಲೆ ಕಣ್ಣು ಮುಚ್ಚಿ ಇನ್ನೊಂದು ಕಾಲು. ಬಿಗಿದ ಬಟ್ಟೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಇವನ ಜೀವ ಎರಡು ಸಲ ಬಾಯಿಗೆ ಬಂದು ಹೋಯಿತು. ಎರಡೂ ಕೈಯಿಂದ ಅಂಚು ಹಿಡಿದು, ತಲೆ ಕಂಬದ ಕಡೆ, ಪಾದ ಟ್ಯಾಂಕಿನ ಕಡೆ ಮಾಡಿ, ಉಸಿರು ಬಿಗಿಹಿಡಿದು ಮಲಗಿದ. ಸ್ಟೂಲು ಪಕ್ಕಕ್ಕೆ ಉರುಳಿಕೊಂಡಿತು. ಇಷ್ಟಾದರೂ ಅವನು ಬೀಳಲಿಲ್ಲ, ಬಟ್ಟೆ ಹರಿಯಲಿಲ್ಲ. 'ಅಯ್ಯೋ, ತಡೀತಲ್ಲಪ್ಪ!' ಎಂದು ಒಂದು ಕ್ಷಣ ದುಃಖವಾಯಿತು. 'ನೋಡಿದಿರಾ, ನನ್ನ ಕೆಲಸ!' ಎಂದು ಮರುಕ್ಷಣ ಹೆಮ್ಮೆಯಾಯಿತು.

ಆಮೇಲೆ ಕಣ್ಣು ಬಿಟ್ಟ. ಬಿಡಬಾರದಿತ್ತು.

ತನ್ನ ಎರಡು ಪಾದಗಳ ನಡುವೆ ಸ್ಟ್ಯಾಂಡು ಕಾಣುತ್ತಿತ್ತು. ಅದು ವಾಲಿತ್ತು. ಬೇರೆ ಯಾರ ಕಣ್ಣಿಗೂ ಬೀಳದಷ್ಟು, ಒಂದೇ ಒಂದು ಕೂದಲೆಳೆಯಷ್ಟು. ಆದರೆ ಈ ಕಣ್ಣು ಯಾರ ಕಣ್ಣು? ಮೇಸ್ತ್ರಿ ಕತ್ತು ತುಸು ಎತ್ತಿ ನೋಡಿದ. ಸ್ಟ್ಯಾಂಡಿನ ಹಿಂದಿನ ಎರಡು ಕಾಲುಗಳ ಕೆಳಗೆ ಬೆಳಕು ಕಾಣುತ್ತಿತ್ತು! ಕಾಲು ಊರಿದ್ದರೆ ಬೆಳಕು ಎಲ್ಲಿಂದ ಬರಬೇಕು? ಎಂಬತ್ತು ಕಿಲೋ ಮೇಸ್ತ್ರಿ ಜೋಲಿಯಲ್ಲಿ ಮಲಗಿದ್ದಕ್ಕೆ, ಬಿಗಿದ ಪಟ್ಟಿ ಆ ಸ್ಟ್ಯಾಂಡನ್ನು ಅವನ ಭಾರದ ಐದಾರು ಪಟ್ಟು ಬಲದಿಂದ ತನ್ನ ಕಡೆ ಎಳೆಯುತ್ತಿತ್ತು. ಅದು ಮಗುಚಿದರೆ ಟ್ಯಾಂಕು ಬಂದು ಕೂರುವುದು ಎಲ್ಲಿಗೆ? ಮೇಸ್ತ್ರಿ ಲೆಕ್ಕ ಹಾಕಿದ. ನೇರ ತನ್ನ ಹೊಟ್ಟೆಯ ಮೇಲೆ!

ಇಳಿದುಬಿಡೋಣವೇ? ಇಳಿಯಲು ಮೈ ಅಲ್ಲಾಡಿಸಬೇಕು. ಅಲ್ಲಾಡಿಸಿದರೆ ಪಟ್ಟಿ ಜಗ್ಗುತ್ತದೆ. ಜಗ್ಗಿದರೆ ಮುಗಿಯಿತು ಕಥೆ. 'ಏನೂ ಆಗಲ್ಲ, ಮೇಲೆ ಟ್ಯಾಂಕು ತುಂಬಿದೆ, ಒಂದು ಟನ್ನು ನೀರು ಕೂತಿದೆ, ಆ ಭಾರಕ್ಕೇ ಸ್ಟ್ಯಾಂಡು ನಿಂತಿರುತ್ತೆ' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಷ್ಟರಲ್ಲಿ ಟ್ಯಾಂಕಿನ ಪಕ್ಕದ ಪೈಪಿನಲ್ಲಿ ಗೊಳಗೊಳ ಎಂದು ಸದ್ದಾಯಿತು.

ಕೆಳಗೆ ಹೆಂಡತಿ ನಲ್ಲಿ ಬಿಟ್ಟಿದ್ದಳು! ಮಾವನವರು ಷವರು ತಿರುಗಿಸಿದ್ದರು! ಟ್ಯಾಂಕನ್ನು ಹಿಡಿದು ಕೂರಿಸಿದ್ದ ಭಾರ ಬಕೆಟು ಬಕೆಟಾಗಿ ಇಳಿದುಹೋಗುತ್ತಿತ್ತು! ಹಿಂಗಾಲಿನ ಕೆಳಗಿನ ಬೆಳಕು ನಾಣ್ಯದ ದಪ್ಪವಾಯಿತು. ಸ್ವಲ್ಪ ಹೊತ್ತಿಗೆ ಪೆನ್ಸಿಲಿನ ದಪ್ಪವಾಯಿತು. ಜೀವಮಾನವೆಲ್ಲ ಮಾವನ ಮೇಲೆ ಅವನಿಗಿದ್ದ ದೂರು ಒಂದೇ, ಸ್ನಾನಕ್ಕೆ ಬಹಳ ಹೊತ್ತು ತೆಗೆದುಕೊಳ್ಳುತ್ತಾರೆ ಎಂದು. ಅದು ಇವತ್ತು ತನ್ನ ಪ್ರಾಣಕ್ಕೇ ಬಂತಲ್ಲ!

ಕೂಗೋಣವೆಂದರೆ ಮೈ ಅಲ್ಲಾಡುತ್ತದೆ. ಶರ್ಟಿನ ಜೇಬಿನಲ್ಲಿದ್ದ ಮೊಬೈಲನ್ನು ಎರಡೇ ಬೆರಳಿನಲ್ಲಿ, ಕಳ್ಳನ ಹಾಗೆ, ಮೆಲ್ಲಗೆ ಹೊರಗೆಳೆದ. ಹೆಂಡತಿಗೆ ಫೋನು ಮಾಡಿದ.

"ಏನ್ರೀ? ತಾರಸಿಯಿಂದ ಕೆಳಕ್ಕೆ ಫೋನಾ? ಹತ್ತು ನಿಮಿಷ ಆಗಿಲ್ಲ ಇನ್ನೂ!"

"ನ... ನಲ್ಲಿ ನಿಲ್ಲಿಸು!"

"ಯಾಕೆ?"

"ನೀರು ಖಾಲಿ ಆದ್ರೆ ನಾನು ಸಾಯ್ತೀನಿ!"

"ಬಾಯಾರಿಕೆನಾ? ಇಳಿದು ಬಂದು ಕುಡೀರಿ."

"ಇಳಿಯೋಕಾಗಲ್ಲ ಕಣೇ! ಟ್ಯಾಂಕು ಮಗುಚ್ತಾ ಇದೆ! ನನ್ನ ಕಡೆಗೇ ಮಗುಚ್ತಾ ಇದೆ! ನಿಮ್ಮಪ್ಪನಿಗೆ ಹೇಳು, ಷವರು ನಿಲ್ಲಿಸೋಕೆ!"

"ಅಪ್ಪ ತಲೆಗೆ ಸೋಪು ಹಚ್ಚಿಕೊಂಡಿದ್ದಾರೆ ರೀ. ಈಗ ನಿಲ್ಲಿಸಿದ್ರೆ ಕಣ್ಣು ಉರಿಯಲ್ವಾ?"

ಆ ಹೊತ್ತಿಗೆ ಬೆಳಕು ಕಿರುಬೆರಳಿನ ದಪ್ಪವಾಗಿತ್ತು. ಮೇಲೆ ಟ್ಯಾಂಕಿನೊಳಗೆ ನೀರು ಡುಳಕ್ ಎಂದು ಇತ್ತ ಕಡೆಗೆ ತುಳುಕಿತು. ಮೇಸ್ತ್ರಿಯ ಧೈರ್ಯವೆಂಬುದು ಅಲ್ಲಿಗೆ ಪೂರ್ತಿ ಕುಸಿಯಿತು. ಕೊನೆಯ ಗಳಿಗೆಯಲ್ಲಿ ಹೆಂಡತಿಯ ಹತ್ತಿರ ಸುಳ್ಳು ಇಟ್ಟುಕೊಂಡು ಹೋಗಬಾರದು ಎನ್ನಿಸಿತು.

"ನನ್ನನ್ನ ಕ್ಷಮಿಸಿಬಿಡು ಕಣೇ! ನಿನ್ನ ಜೀವದ ಪ್ರಶ್ನೆ ಅಂದಿದ್ದೆಲ್ಲ ನಾಟಕ! ಮೂರು ರಾತ್ರಿ ಒಬ್ಬನೇ ಇರೋಕೆ ನಂಗೆ ಹೆದರಿಕೆ! ಅದಕ್ಕೇ ನಿನ್ನ ಟ್ರಿಪ್ ನಿಲ್ಲಿಸಬೇಕು ಅಂತ..." ಎಂದು ಅತ್ತೇಬಿಟ್ಟ.

ಆ ಕಡೆ ನಲ್ಲಿ ಕಿರ್ ಎಂದು ನಿಂತಿತು.

"ಗೊತ್ತು ರೀ. ಇಪ್ಪತ್ತೆರಡು ವರ್ಷದಿಂದ ಗೊತ್ತು. ಈಗ ಪಂಪು ಹಾಕ್ತೀನಿ, ನೀರು ಮೇಲಕ್ಕೆ ಬರುತ್ತೆ. ಅಲ್ಲಾಡದೆ ಮಲ್ಕೊಳ್ಳಿ," ಎಂದು ಫೋನಿಟ್ಟಳು.

ಕೆಳಗೆ ಪಂಪು ಗುರ್ ಎಂದಿತು. ಆ ಸದ್ದು ಆ ಹೊತ್ತಿನಲ್ಲಿ ಅವನ ಕಿವಿಗೆ ಸಂಗೀತವಾಗಿ ಕೇಳಿಸಿತು! ಟ್ಯಾಂಕಿಗೆ ನೀರು ಬಿದ್ದಂತೆ ಹಿಂಗಾಲುಗಳು ನಿಧಾನವಾಗಿ ಕೆಳಗಿಳಿದವು. ಕಿರುಬೆರಳು ಪೆನ್ಸಿಲಾಯಿತು, ಪೆನ್ಸಿಲು ನಾಣ್ಯವಾಯಿತು. ಮೇಸ್ತ್ರಿ ಮೊದಲ ಸಲ ಪೂರ್ತಿ ಉಸಿರು ಬಿಟ್ಟ. ಇನ್ನೇನು ಬೆಳಕು ಮುಚ್ಚಬೇಕು, ಅಷ್ಟರಲ್ಲಿ ಟ್ಯಾಂಕು ತುಂಬಿತು.

ತುಂಬಿದ ಟ್ಯಾಂಕು ಏನು ಮಾಡುತ್ತದೆ? ಹೊರಗೆ ಚೆಲ್ಲುತ್ತದೆ. ಚೆಲ್ಲುವ ನೀರಿಗೆಂದು ಟ್ಯಾಂಕಿನ ಹೆಗಲ ಹತ್ತಿರ ಒಂದು ಮೊಣಕೈ ಪೈಪು ಇತ್ತು. ಅದರ ಬಾಯಿ ಇದ್ದದ್ದು, ನಮ್ಮ ಮೇಸ್ತ್ರಿಯ ಹಣೆಬರಹಕ್ಕೆ, ಜೋಲಿಯ ಕಡೆಗೇ! ಕೈತೋಳಿನ ದಪ್ಪದ ತಣ್ಣನೆಯ ನೀರು ಬಂದು ಅವನ ಹೊಟ್ಟೆಯ ಮೇಲೆ ಧಬಧಬ ಬಿತ್ತು. ಎಷ್ಟು ಬಿಗಿದಿದ್ದರೂ ಬಟ್ಟೆ ಅವನ ಸೊಂಟದ ಬಳಿ ಒಂದು ಗುಂಡಿಯಾಗಿತ್ತಲ್ಲ, ನೀರೆಲ್ಲ ಅಲ್ಲೇ ನಿಂತಿತು. ಮಳೆಗೆ ಜಗ್ಗದ ಬಟ್ಟೆ ಇದಕ್ಕೂ ಜಗ್ಗಲಿಲ್ಲ. ಮೊಬೈಲು ಕೈಜಾರಿ ಆ ಕೊಳದಲ್ಲಿ ಮುಳುಗಿತು. ಎಂಬತ್ತು ಕಿಲೋ ಇದ್ದ ಭಾರ ತೊಂಬತ್ತಾಯಿತು, ನೂರಾಯಿತು. ಟ್ಯಾಂಕಿಗೆ ಇನ್ನು ಹೆಚ್ಚಲು ಜಾಗವಿಲ್ಲ, ಜೋಲಿ ಮಾತ್ರ ಹೆಚ್ಚುತ್ತಲೇ ಇದೆ! ಮುಚ್ಚುತ್ತಿದ್ದ ಬೆಳಕು ಮತ್ತೆ ಕಣ್ಣು ತೆರೆಯಿತು. ನೀರು ತಾರಸಿಗೆ ಬಿದ್ದು ಕೆಳಗೆ ಹರಿದಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಎಲ್ಲವನ್ನೂ ಮೇಸ್ತ್ರಿಯೇ ಹಿಡಿದಿಟ್ಟುಕೊಂಡಿದ್ದ.

"ಯಾರಾದ್ರೂ ಬನ್ರಪ್ಪೋ!" ಎಂದು ಕಿರುಚಲು ಬಾಯಿ ತೆರೆದ. ಬಾಯಿಗೂ ನೀರು ಬಿತ್ತು.

ಟವೆಲು ಒಣಗಹಾಕಲೆಂದು ಮಾವನವರು ಮೇಲೆ ಬಂದದ್ದು ಆಗಲೇ. ಒಂದು ಸಲ ಅಳಿಯನನ್ನು ನೋಡಿದರು, ಒಂದು ಸಲ ಸ್ಟ್ಯಾಂಡಿನ ಹಿಂಗಾಲನ್ನು ನೋಡಿದರು. ಅವರ ಮುಖದಲ್ಲಿದ್ದ ನಗು ಅಳಿಸಿಹೋಯಿತು. ಅದನ್ನು ಕಂಡ ಮೇಲಂತೂ ಮೇಸ್ತ್ರಿಗೆ ತನ್ನ ಕೊನೆ ಖಾತ್ರಿಯಾಯಿತು.

"ಪುಟ್ಟೀ! ಪಂಪು ಆಫ್ ಮಾಡು!" ಎಂದು ಮಗಳಿಗೆ ಕೂಗಿದರು. "ಅಳಿಯಂದ್ರೇ, ಸೀನಬೇಡಿ, ಕೆಮ್ಮಬೇಡಿ, ಮಾತಾಡಬೇಡಿ."

ಸೀನಬೇಡಿ ಎಂದದ್ದೇ ತಡ, ಮೇಸ್ತ್ರಿಗೆ ಸೀನು ಬಂತು! ಮೂಗು ಹಿಂಡಿಕೊಳ್ಳಲು ಕೈ ಬಿಡುವಂತಿಲ್ಲ. ಮುಖವನ್ನೆಲ್ಲ ಕಿವುಚಿ, ಕಣ್ಣು ಕೆಂಪಗೆ ಮಾಡಿ, ಆ ಸೀನನ್ನು ಹಾಗೇ ನುಂಗಿದ. ಮಾವನವರು ಕಂಬದ ಕಡೆ ಹೋಗಿ ಎಳೆರಾಟೆಯ ಹಿಡಿಗೆ ಕೈ ಹಾಕಿದರು. ಕಟಕ್. ಒಂದು ಹಲ್ಲು ಬಿಟ್ಟರು. ಜೋಲಿ ಬೆರಳಷ್ಟು ಇಳಿಯಿತು. ಕಟಕ್. ಇನ್ನೊಂದು. ಪ್ರತಿ ಕಟಕ್ಕಿಗೂ ಮೇಸ್ತ್ರಿ ಒಂದೊಂದು ಸಲ ಸತ್ತು ಬದುಕಿದ. ಜೋಲಿ ಜೋತುಬಿದ್ದಷ್ಟೂ ಪಟ್ಟಿಯ ಎಳೆತ ಕಡಿಮೆಯಾಯಿತು. ಹದಿನೇಳನೆಯ ಹಲ್ಲಿಗೆ ಸ್ಟ್ಯಾಂಡಿನ ಹಿಂಗಾಲುಗಳು ಠಣ್ ಎಂದು ನೆಲ ಮುಟ್ಟಿದವು. ಮೇಸ್ತ್ರಿಯ ಬೆನ್ನು ತಾರಸಿಗೆ ತಾಗಿತು, ನೀರೆಲ್ಲ ಅಂಚಿನಿಂದ ಚೆಲ್ಲಿ ನಾಲ್ಕೂ ಕಡೆ ಹರಿಯಿತು.

ಹೆಂಡತಿ ಓಡಿ ಬಂದಳು. ಗಂಡನ ಭುಜ, ಕತ್ತು, ಮೊಣಕಾಲು ಎಲ್ಲ ಒತ್ತಿ ನೋಡಿದಳು. "ಏನಾದ್ರೂ ಆಗಿದ್ರೆ ನಾನೇನು ಮಾಡ್ಬೇಕಿತ್ತು ರೀ?" ಎಂದು ಬೈದಳು. ಆ ಬೈಗುಳ ಮೇಸ್ತ್ರಿಗೆ ಬಹಳ ಹಿತವಾಯಿತು. ಹಿತವಾದ ಕೂಡಲೇ ಬುದ್ಧಿಯೂ ಓಡಿತು.

"ನೋಡಿದ್ಯಾ? ಇದಕ್ಕೇ ನಾನು ಹೇಳಿದ್ದು. ಟ್ರಿಪ್ ಬಂದ್!" ಎಂದ, ನೀರಲ್ಲಿ ಕೂತೇ.

"ಯಾಕೆ? ಜೋಲಿ ಹರಿದಿದೆಯಾ?"

"...ಇಲ್ಲ."

"ಜಾರಿದೆಯಾ? ನೀವು ಬಿದ್ರಾ?"

"ಬೀಳ್ಲಿಲ್ಲ, ಆದ್ರೆ..."

"ನಿಮ್ಮನ್ನೂ ತಡೀತು, ಎರಡು ಬಕೆಟ್ ನೀರನ್ನೂ ತಡೀತು. ಜೋಲಿ ಪಾಸು ರೀ!"

ಆದರೂ ತನ್ನ ಮಟ್ಟದಲ್ಲಿ ತಪ್ಪೇನಿತ್ತು ಎಂಬುದು ಮೇಸ್ತ್ರಿಗೆ ತಿಳಿಯದು. ಮಾವನವರು ಒದ್ದೆ ಟವೆಲಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದರು. "ಎಳೀರಿ ಬಲವಾಗಿ. ಗುಳ್ಳೆ ನಡುವೆ ನಿಲ್ಲೋ ಹಾಗೆ ಎಳೀರಿ." ಇಬ್ಬರೂ ಹಲ್ಲು ಕಚ್ಚಿ ಎಳೆದರು. "ಪುಟ್ಟೀ, ನಡುವೆ ಒಂದು ಬೆರಳಿಟ್ಟು ಒತ್ತಮ್ಮ." ಅವಳು ಕಿರುಬೆರಳಿಟ್ಟು ಒತ್ತಿದಳು. ಇಬ್ಬರು ಗಂಡಸರೂ ಒಂದೊಂದು ಹೆಜ್ಜೆ ಮುಂದಕ್ಕೆ ಮುಗ್ಗರಿಸಿದರು! ಮೇಸ್ತ್ರಿ ಆ ಕಿರುಬೆರಳನ್ನೇ ಬಹಳ ಹೊತ್ತು ನೋಡಿದ.

ಮಾವನವರು ಜೋಲಿಯ ಎರಡೂ ತುದಿಯನ್ನು ಬಿಚ್ಚಿ, ಈ ಸಲ ಟ್ಯಾಂಕಿನ ಗೊಡವೆಗೇ ಹೋಗದೆ, ಸಿಮೆಂಟಿನ ಎರಡು ಕಂಬಗಳ ನಡುವೆ ಎತ್ತರಕ್ಕೆ ಕಟ್ಟಿದರು. ಹೆಬ್ಬೆರಳು ಮೇಲೆ, ತೋರುಬೆರಳು ಮುಂದೆ ಚಾಚಿ ಪಟ್ಟಿಯ ಪಕ್ಕಕ್ಕೆ ಹಿಡಿದರು. "ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಗೆರೆ ಎಳೆದ ಹಾಗೆ ಇಳೀಬೇಕು ಪಟ್ಟಿ. ಮೂವತ್ತು ಡಿಗ್ರಿ. ಅಷ್ಟೇ." ಜೋಲಿ ನಡುವೆ ದೊಡ್ಡ ಹೊಟ್ಟೆ ಬಿಟ್ಟುಕೊಂಡು ಜೋತುಬಿತ್ತು. ಹೆಂಡತಿ ಕುರ್ಚಿಯಲ್ಲಿ ಕೂರುವಂತೆ ಅದರಲ್ಲಿ ಕೂತು, ಕಾಲು ಮೇಲೆಳೆದುಕೊಂಡು, ಓರೆಯಾಗಿ ಮಲಗಿದಳು. ಯಾವ ಕಂಬವೂ ಕದಲಲಿಲ್ಲ. "ಆಹಾ! ಅಪ್ಪಾ, ನಿದ್ದೆ ಬರ್ತಿದೆ!" ಎಂದಳು.

ಮೇಸ್ತ್ರಿಯ ಮುಖ ಸಣ್ಣಗಾದದ್ದನ್ನು ಮಾವನವರು ನೋಡಿದರು. ಒಳ್ಳೆಯ ಮನುಷ್ಯ. ಹತ್ತಿರ ಬಂದು ಮೆಲ್ಲಗೆ, "ಹೆದರಬೇಡಿ. ಮೂರು ರಾತ್ರಿ ನಾನೇ ಬಂದು ಇಲ್ಲಿ ಮಲಗ್ತೀನಿ. ಹೊರಗಡೆ ಯಾರಿಗೂ ಹೇಳಲ್ಲ" ಎಂದರು. ಮೇಸ್ತ್ರಿಗೆ ಹೋದ ಜೀವ ಬಂದ ಹಾಗಾಯಿತು. ಮಾವನವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಷವರಿನಲ್ಲಿ ಎಷ್ಟು ಹೊತ್ತು ಬೇಕಾದರೂ ಇರಲಿ ಎಂದುಕೊಂಡ.

ಅತ್ತ ಹೆಂಡತಿ ಜೋಲಿಯಲ್ಲಿ ಮಲಗಿದ್ದ ಹಾಗೇ ಒಂದು ಫೋಟೋ ತೆಗೆದು ಲ್ಯಾಬಿನ ಗುಂಪಿಗೆ ಕಳಿಸಿದ್ದಳು. ಅವಳ ಮೊಬೈಲು ಟಿಣ್ ಟಿಣ್ ಎಂದು ಹೊಡೆದುಕೊಳ್ಳತೊಡಗಿತು. ಓದುತ್ತ ಓದುತ್ತ ಅವಳ ಮುಖ ಅರಳಿತು.

"ಅಪ್ಪಾ! ಎಲ್ಲರೂ ಕೇಳ್ತಿದ್ದಾರೆ, ಇಷ್ಟು ಚೆನ್ನಾಗಿ ಕಟ್ಟಿದೋರು ಯಾರು ಅಂತ. ಹನ್ನೆರಡು ಜೋಲಿ ಕಟ್ಟೋಕೆ ನಮ್ಮಲ್ಲಿ ಯಾರಿಗೂ ಬರಲ್ಲ. ನೀನೂ ಬರಲೇಬೇಕಂತೆ! ಗಾಡಿಯಲ್ಲಿ ಮುಂದಿನ ಸೀಟು ನಿನಗೇ ಅಂತೆ!"

ಮಾವನವರ ಕೈ ಮೇಸ್ತ್ರಿಯ ಕೈಯಿಂದ ಮೆಲ್ಲಗೆ ಜಾರಿತು. "ಮುಂದಿನ ಸೀಟಾ?" ಎಂದರು. ಅವರ ಕಣ್ಣು ಆಗಲೇ ಕಾಡು ಸೇರಿತ್ತು.

"ಗಂಡಸರಿಗೆ ಪ್ರವೇಶ ಇಲ್ಲ ಅಂದಿದ್ರಿ!" ಮೇಸ್ತ್ರಿ ಚೀರಿದ.

"ಅಪ್ಪ ಕೆಲಸದ ಮೇಲೆ ಬರ್ತಿರೋದು ರೀ."

"ಹಾಗಾದ್ರೆ ನಾನೂ ಕೆಲಸಗಾರನೇ! ನಾನೂ ಬರ್ತೀನಿ!"

ಹೆಂಡತಿ ಜೋಲಿಯಲ್ಲಿ ಒಮ್ಮೆ ತೂಗಿಕೊಂಡಳು.

"ಬನ್ನಿ, ಬೇಡ ಅಂದೋರ್ಯಾರು? ಆದ್ರೆ ಕಾಡಲ್ಲಿ ಟೈಲ್ಸ್ ಎಲ್ಲಿ ಹಾಕ್ತೀರಿ?"

ಮೇಸ್ತ್ರಿ ಒದ್ದೆ ಬಟ್ಟೆಯಲ್ಲೇ ಮೆಟ್ಟಿಲಿಳಿದು ಹೋಗಿ, ಮಟಮಟ ಮಧ್ಯಾಹ್ನದಲ್ಲಿ, ಮನೆಯ ಬಾಗಿಲು ಕಿಟಕಿಗಳ ಚಿಲಕಗಳನ್ನು ಒಂದೊಂದಾಗಿ ಹಾಕಿ ನೋಡತೊಡಗಿದ.